ಶಿವಗಂಗಾಳ ಬಾಯ್ಸನ್‌ಬೆರ್ರಿ

"ಅಯ್ಯಯ್ಯ, ಸೀರಿ ಹರೀತು! ಬಾರವ್ವಾ ಲಗೂನ!"

ಶಿವಗಂಗಾ ಹಿತ್ತಲಿಗೆ ಓಡಿದಳು. ಅಜ್ಜಿ ಮಾಣಿಕಮ್ಮನ ಸೆರಗು ಬಾಯ್ಸನ್‌ಬೆರ್ರಿ ಹಣ್ಣಿನ ಬಳ್ಳಿಯ ಮುಳ್ಳಿಗೆ ಸಿಕ್ಕಿಕೊಂಡಿತ್ತು. ಬಿಡಿಸುವಷ್ಟರಲ್ಲಿ ಪರ್ರ್ ಎಂದು ಇನ್ನಷ್ಟು ಹರಿಯಿತು.

ಆ ಸಸಿಯನ್ನು ದೇವಾನಂದ ಮಾಮಾ ಮಹಾಬಳೇಶ್ವರದಿಂದ ಶಹಾಬಾದಿಗೆ ತಂದುಕೊಟ್ಟಿದ್ದ. "ಬ್ಯಾರೆ ಬ್ಯಾರೆ ಬೆರ್ರಿ ಕೂಡಿಸಿ ಮಾಡಿದ ಹೈಬ್ರಿಡ್ ಅದ. ನಮ್ಮ ಬಿಸಲಾಗ ಬದುಕಸ್ತೀ ಏನು?" ಎಂದು ಕೇಳಿದ್ದ. ಸಸಿ ಬದುಕಿತು. ಉದ್ದುದ್ದ ಬಳ್ಳಿ ಚಾಚಿತು. ಆದರೆ ಒಂದು ಹೂವೂ ಬಿಡಲಿಲ್ಲ.

"ಬರೇ ಮುಳ್ಳು ಬೆಳಸಾಕತ್ತೀ. ಕಿತ್ತಿ ಒಗಿ," ಎಂದರು ಅಪ್ಪ.

"ಮಾಮಾಗ ಫೋನ್ ಹಚ್ಚಿ ಕೇಳೀನಪ್ಪಾ. ಈ ವರ್ಷ ಬೆಳೆದ ಬಳ್ಳಿಗಿ ಮುಂದಿನ ವರ್ಷ ಹಣ್ಣಾಗ್ತಾವಂತ. ಯಾರಿಗೂ ಮುಳ್ಳು ಚುಚ್ಚಲಾರದಂಗ ನಾ ಮಾಡ್ತೀನಿ."

ಭಾನುವಾರ ಅವಳು ಗೋಡೆಯುದ್ದಕ್ಕೂ ತಂತಿ ಎಳೆದು, ಒಂದೊಂದೇ ಬಳ್ಳಿಯನ್ನು ಅದಕ್ಕೆ ಕಟ್ಟಿದಳು. ಸಂಜೆಗೆ ಮೊಣಕೈತನಕ ಗೀರುಗಳು. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚುತ್ತ, "ಭಾಳ ಹಟ ನಿಂದು," ಎಂದಳು.

ಮರುವರ್ಷ ಫೆಬ್ರವರಿಯಲ್ಲಿ ಬಿಳಿ ಹೂ ಬಂತು. ಮಾರ್ಚಿನಲ್ಲಿ ಬಿಸಿಲಿಗೆ ಎಲೆಗಳ ಅಂಚು ಸುಟ್ಟುಹೋಯಿತು. ಹಿತ್ತಲಿಗೆ ಹಾಸಿದ, ಕಾದ ಪರ್ಸಿಗಲ್ಲಿನ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಶಿವಗಂಗಾ ಹಳೇ ಚಾದರ ಕಟ್ಟಿ ನೆರಳು ಮಾಡಿದಳು. ಅಕ್ಕಿ ತೊಳೆದ ನೀರನ್ನೂ ಬುಡಕ್ಕೆ ಸುರಿದಳು. ಆದರೂ ಕಾಯಿ ಉದುರಿದವು. ಉಳಿದದ್ದು ಆರು.

"ಕೆಂಪಾಗ್ಯಾವಲೇ, ತಿನ್ನೂಣು!" ಎಂದಳು ಗೆಳತಿ ಹುಮೇರಾ.

"ತಡಿ. ಕಪ್ಪಗಾಗಬೇಕು."

ಕಪ್ಪಾಗಿ, ಮುಟ್ಟಿದರೆ ಕೈಗೆ ಬರುವಷ್ಟು ಹಣ್ಣಾದ ದಿನ ಎಲ್ಲರೂ ಒಂದೊಂದು ತಿಂದರು. ಅಜ್ಜಿ ಒಂದು ಕಣ್ಣು ಮುಚ್ಚಿದಳು. "ಹುಳಿ ಅದ... ಏ, ಸಿಹೀನೂ ಅದಲ್ಲ! ಇನ್ನೊಂದು ಕೊಡು."

ಆಮೇಲೆ ಹಣ್ಣು ಕೊಟ್ಟ ಬಳ್ಳಿಗಳು ಒಣಗತೊಡಗಿದವು. ಶಿವಗಂಗಾ ಮತ್ತೆ ಮಾಮಾನಿಗೆ ಫೋನ್ ಹಚ್ಚಿದಳು. ಮಾತು ಮುಗಿಸಿ ಕತ್ತರಿ ತಂದಳು.

"ಜಗಳಾಡಿ ಉಳಿಸಿದ್ದು ನೀನೇ, ಈಗ ಕಡಿಯಾಕತ್ತೀ?" ಅಜ್ಜಿ ಗಾಬರಿಯಾದಳು.

"ಇವು ಮತ್ತ ಹಣ್ಣು ಬಿಡಂಗಿಲ್ಲಂತ, ಆಯಿ," ಎಂದು ಅಜ್ಜಿಗೆ ಹೇಳಿದಳು.

ಶಿವಗಂಗಾ ಕತ್ತರಿ ಹಿಡಿದು ಬಗ್ಗಿದಳು. ಬುಡದಲ್ಲಿ ಬೆರಳುದ್ದದ ಎರಡು ಹೊಸ ಚಿಗುರಿದ್ದವು. ಅವುಗಳ ಮುಳ್ಳು ಇನ್ನೂ ಮೆತ್ತಗಿತ್ತು. ಅವಳು ಹಳೇ ಬಳ್ಳಿ ಕತ್ತರಿಸಿ ಎಳೆದಳು. ಚಿಗುರಿನ ಮೇಲೆ ಬಿಸಿಲು ಬಿತ್ತು.

"ಆಯಿ, ಸ್ವಲ್ಪ ಈ ಕಡಿ ನಿಂದ್ರು," ಎಂದಳು ಶಿವಗಂಗಾ. "ನಾ ಇನ್ನೊಂದು ಚಾದರ ತರೋತನಕ ನಿನ್ನ ನೆರಳು ಇವುಕ್ಕ ಬೀಳಲಿ."

ಅಜ್ಜಿ ಚಿಗುರಿನ ಮೇಲೆ ಸೆರಗು ಎತ್ತಿ ಹಿಡಿದು ನಿಂತಳು.