ಬುಧವಾರದ ಬೀಡಿ

ಒಂದಾನೊಂದು ಕಾಲದಲ್ಲಿ, ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವ ದಾರಿಯಲ್ಲಿ, ಸಿದ್ಧಕಟ್ಟೆಯ ಹತ್ತಿರ ರಾಜೀವಿ ಅಂತ ಒಬ್ಬಳು ಹುಡುಗಿ ಇದ್ದಳು. ರಾಜಕುಮಾರಿಯಲ್ಲ. ಬೀಡಿ ಕಟ್ಟುವವಳು.

ಕಥೆಯ ಹುಡುಗಿಯರಿಗೆ ಒಂದು ಷರತ್ತು ಇರುತ್ತದಲ್ಲ, ಇವಳಿಗೂ ಇತ್ತು. ಹಾಕಿದವಳು ತಾಯಿ ಕಾಂತಿ.

"ಕಾಲೇಜಿಗೆ ಕೊಡಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ ಮಗಾ. ಬೀಡಿ ಕಟ್ಟಿ ಓದುವುದಾದರೆ ಓದು. ಬೀಡಿ ನಿಂತ ದಿನ ಕಾಲೇಜೂ ನಿಂತಿತು. ಮತ್ತೆ ಮದುವೆಯೇ."

"ಬಿ.ಎಸ್ಸಿ. ಮುಗಿಸ್ತೇನೆ ಅಮ್ಮಾ. ಮುಗಿಸಿಯೇ ತೋರಿಸ್ತೇನೆ."

ಮಾತು ಕೊಟ್ಟಾಯಿತು, ಮೂಡಬಿದಿರೆಯ ಕಾಲೇಜು ಸೇರಿಯೂ ಆಯಿತು. ಇನ್ನು ಕಥೆಗೊಬ್ಬ ರಾಕ್ಷಸ ಬೇಕು. ಅವನ ಹೆಸರು ಕಮಲಾಕ್ಷ, ಎಲೆ ಕೊಟ್ಟು ಮನೆಮನೆಯಲ್ಲಿ ಬೀಡಿ ಕಟ್ಟಿಸುವ ಬೀಡಿ ಬ್ರಾಂಚಿಗೆ ಹೊಸದಾಗಿ ಬಂದ ಚೆಕ್ಕರ್. ಹೆಂಗಸರು ಕಟ್ಟಿ ತಂದ ಬೀಡಿಯನ್ನು ಒತ್ತಿ ನೋಡಿ, ಒಳ್ಳೆಯದನ್ನು ಒಳಗಿಟ್ಟು, ಕೆಟ್ಟದ್ದನ್ನು ಮುರಿದು ಬಿಸಾಡುವುದು ಅವನ ಕೆಲಸ.

ಅವರಿಬ್ಬರೂ ಮೊದಲು ಮುಖಾಮುಖಿಯಾದದ್ದು ಒಂದು ಬುಧವಾರ. ಕಮಲಾಕ್ಷ ಅವಳ ಮೊರದಿಂದ ಒಂದು ಕಟ್ಟು ಎತ್ತಿದ. ಮುಖದ ಹತ್ತಿರ ಹಿಡಿದ. ಹುಬ್ಬು ಗಂಟಾಯಿತು.

ಚಟಕ್!

ಇಡೀ ಕಟ್ಟು ಎರಡು ತುಂಡು. ಇನ್ನೊಂದು ಕಟ್ಟೂ ಅಷ್ಟೇ. ಮತ್ತೊಂದೂ...

"ಏನು ತಪ್ಪುಂಟು ಅದರಲ್ಲಿ?" ರಾಜೀವಿ ಮೊರವನ್ನು ಮುಂದಕ್ಕೆ ತಳ್ಳಿದಳು. "ನೂಲು ಸಡಿಲವಾ? ತಲೆ ಬಿಚ್ಚಿದೆಯಾ? ತೋರಿಸಿ!"

"ಆಗುವುದಿಲ್ಲ. ಮುಂದಿನವರು ಬನ್ನಿ."

"ಕಾರಣ ಹೇಳಿ!"

ಅವನು ಆಗಲೇ ಮುಂದಿನ ಮೊರಕ್ಕೆ ಕೈ ಹಾಕಿದ್ದ. ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು. "ಕಾಲೇಜು ಕುಮಾರಿಯ ಬೀಡಿ ಅಲ್ವಾ, ಇಂಗ್ಲಿಷಿನಲ್ಲಿ ಕಟ್ಟಿರಬೇಕು!"

ಗುರುವಾರ ಅವಳ ಬೀಡಿ ಪಾಸಾಯಿತು. ಶನಿವಾರವೂ ಪಾಸು. ಮತ್ತೆ ಬುಧವಾರ ಬಂತು... ಚಟಕ್! ಆಮೇಲಿನ ಬುಧವಾರವೂ ಹಾಗೆಯೇ.

ಕಲಿಯುವ ಹುಡುಗಿಯನ್ನು ಕಂಡರೆ ಇವನಿಗೆ ಆಗುವುದಿಲ್ಲ. ವಾರಕ್ಕೊಮ್ಮೆ ನನ್ನನ್ನು ನೆಲಕ್ಕಿಳಿಸದಿದ್ದರೆ ಇವನಿಗೆ ಅನ್ನ ಸೇರುವುದಿಲ್ಲ... ರಾಜೀವಿ ಹಾಗೆಂದೇ ತೀರ್ಮಾನಿಸಿದಳು. ಪರೀಕ್ಷೆಯ ಫೀಸು ಕಟ್ಟುವ ದಿನ ಹತ್ತಿರ ಬರುತ್ತಿತ್ತು. ಮುರಿದ ಬೀಡಿಯ ಸುದ್ದಿ ಕಾಂತಿಯ ಕಿವಿಗೂ ಬಿತ್ತು. ವೇಣೂರಿನಿಂದ ಒಬ್ಬರು ಹೆಣ್ಣು ನೋಡಲಿಕ್ಕೆ ಬರುವವರಿದ್ದಾರೆ ಎಂದಷ್ಟೇ ಹೇಳಿದಳು.

"ಅವನು ರಾಕ್ಷಸ," ಎಂದಳು ರಾಜೀವಿ, ಪಕ್ಕದ ಮನೆಯ ಜುಲೈಕಾಳ ಜಗಲಿಯಲ್ಲಿ ಬೀಡಿಯ ಎಲೆ ಕತ್ತರಿಸುತ್ತಾ.

ಜುಲೈಕಾ ನಕ್ಕಳು. "ನಾವೆಲ್ಲ ಅವರನ್ನು ಚೆಕ್ಕರಣ್ಣ ಅಂತೇವೆ. ನೀನೊಬ್ಬಳು ಮಾತ್ರ ಅಣ್ಣ ಅನ್ನುವುದಿಲ್ಲ. ರಾಕ್ಷಸ ಅಂತೀ, ಅವನು ಅಂತೀ... ಏನು ವಿಷಯ ಮಾರಾಯ್ತಿ?"

"ಸುಮ್ಮನಿರು! ಅವನಿಗೆ ನನ್ನ ಮೇಲೆ ದ್ವೇಷ."

"ನಿನ್ನ ಮೇಲಾ, ಬೀಡಿಯ ಮೇಲಾ?"

ರಾಜೀವಿಯ ಕತ್ತರಿ ನಿಂತಿತು.

ಅರೆ! ಇದನ್ನು ಪರೀಕ್ಷಿಸಿ ನೋಡಬಹುದಲ್ಲ. ಮೇಷ್ಟ್ರು ಲ್ಯಾಬಿನಲ್ಲಿ ಹೇಳುವುದು ಅದನ್ನೇ: ಒಂದನ್ನು ಮಾತ್ರ ಬದಲಾಯಿಸು, ಉಳಿದದ್ದನ್ನು ಹಾಗೆಯೇ ಬಿಡು, ಏನಾಗುತ್ತದೆ ನೋಡು.

ಬುಧವಾರ ಇಬ್ಬರೂ ಮೊರ ಅದಲು ಬದಲು ಮಾಡಿಕೊಂಡರು. ಜುಲೈಕಾ ಕಟ್ಟಿದ ಬೀಡಿ ಹಿಡಿದು ರಾಜೀವಿ ಮುಂದೆ ನಿಂತಳು. ಕಮಲಾಕ್ಷ ಕಟ್ಟು ಎತ್ತಿದ, ಮುಖದ ಹತ್ತಿರ ಹಿಡಿದ. ಹುಬ್ಬು ಸಡಿಲವಾಯಿತು.

"ಪಾಸು." ಅವನ ಮುಖದಲ್ಲಿ ಏನೋ ದೊಡ್ಡ ಭಾರ ಇಳಿದ ಹಾಗಿತ್ತು.

ಹಿಂದೆಯೇ ಜುಲೈಕಾ ಬಂದಳು. ಚಟಕ್! ಚಟಕ್!

"ಯಾ ಅಲ್ಲಾ! ನನ್ನ ಬೀಡಿ ಇಷ್ಟರವರೆಗೆ ಯಾರೂ ಮುರಿದದ್ದಿಲ್ಲ!" ಜುಲೈಕಾ ಬೇಕೆಂದೇ ಜೋರಾಗಿ ಅರಚಿದಳು.

ರಾಜೀವಿ ಮಾತ್ರ ಕಲ್ಲಿನ ಹಾಗೆ ನಿಂತಿದ್ದಳು. ಹಾಗಾದರೆ... ದ್ವೇಷ ನನ್ನ ಮೇಲಲ್ಲ. ಅವಳು ಬಗ್ಗಿ ನೆಲದಿಂದ ಒಂದು ಮುರಿದ ಬೀಡಿ ಹೆಕ್ಕಿ ಮೂಸಿದಳು. ಏನೂ ಗೊತ್ತಾಗಲಿಲ್ಲ.

"ನಿಮಗೆ ಗೊತ್ತಾಗುವುದಿಲ್ಲ," ಎಂದ ಕಮಲಾಕ್ಷ ಮೆಲ್ಲಗೆ. "ನಿಮ್ಮ ಮೂಗಿಗೆ ಅಭ್ಯಾಸ ಆಗಿದೆ. ಸಾಲು ಮುಗಿಯಲಿ, ಹೇಳ್ತೇನೆ."

ಸಾಲು ಮುಗಿಯಿತು. ಬ್ರಾಂಚಿನ ಹೊರಗಿನ ಹಲಸಿನ ಮರದ ಕೆಳಗೆ ಅವನು ಹೇಳಿದ.

"ಮಂಗಳವಾರ ನಿಮಗೆ ಲ್ಯಾಬ್ ಇರ್ತದಲ್ವಾ? ಕಪ್ಪೆ ಮುಳುಗಿಸಿಡುವ ಔಷಧಿ ಉಂಟಲ್ಲ..."

"ಫಾರ್ಮಲಿನ್!"

"ಅದೇ. ಆ ಕೈಯಲ್ಲೇ ರಾತ್ರಿ ಬೀಡಿ ಕಟ್ತೀರಿ. ಬೆಳ್ತಂಗಡಿಯ ಅಂಗಡಿಯಿಂದ ದೂರು ಬಂದಿತ್ತು, ಬೀಡಿ ಆಸ್ಪತ್ರೆಯ ಹಾಗೆ ನಾರ್ತದೆ ಅಂತ. ಯಾರ ಕೈ ಅಂತ ಹುಡುಕು, ಅವರಿಗೆ ಇನ್ನು ಎಲೆ ಕೊಡಬೇಡ ಅಂತ ನಮ್ಮ ಬ್ರಾಂಚಿನ ಉಮ್ಮರ್ ಸಾಹುಕಾರ್ರು ಹೇಳಿದರು."

ಎಲೆ ಕೊಡದಿದ್ದರೆ ಬೀಡಿ ಇಲ್ಲ. ಬೀಡಿ ಇಲ್ಲದಿದ್ದರೆ... ರಾಜೀವಿಗೆ ಮುಂದೆ ಯೋಚಿಸಲು ಆಗಲಿಲ್ಲ.

"ನೀವು ಏನು ಹೇಳಿದಿರಿ?"

"ಗೊತ್ತಾಗುವುದಿಲ್ಲ ಅಂದೆ. ಅಂಗಡಿಗೆ ಹೋಗದ ಹಾಗೆ ಇಲ್ಲೇ ಮುರಿದೆ. ಮೊದಲು ಒಂದು ಹಚ್ಚಿ ಸಹ ನೋಡಿದೆ. ಅಭ್ಯಾಸವಿಲ್ಲ ನೋಡಿ, ಕೆಮ್ಮಿ ಕೆಮ್ಮಿ ಸತ್ತೆ!"

ಅವಳಿಗೆ ನಗು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

"ನನಗೊಂದು ಮಾತು ಹೇಳಬಹುದಿತ್ತಲ್ಲ!"

"ಸಾಲಿನಲ್ಲಿ ಹೇಳಿದರೆ ಊರಿಗೆಲ್ಲ ಗೊತ್ತಾಗ್ತದೆ. ಬೇರೆ ಕರೆದು ಹೇಳಿದರೆ ಊರಿನವರು ಇನ್ನೇನೋ ಹೇಳ್ತಾರೆ. ನಿಮಗೆ ಕೆಟ್ಟ ಹೆಸರು ಬರ್ತದೆ."

ಅವನು ಹೇಳಿದ್ದು ನಿಜ. ಈಗಲೂ ಕಿಟಕಿಯಲ್ಲಿ ನಾಲ್ಕಾರು ತಲೆ ಕಾಣುತ್ತಿದ್ದವು.

ರಾಕ್ಷಸ ಅಂದೆನಲ್ಲ... ರಾಜೀವಿ ತಲೆ ತಗ್ಗಿಸಿದಳು.

"ಈ ಉಪಕಾರಕ್ಕೆ ನಾನು ಏನು ಮಾಡಬೇಕು?"

"ಓದಿ ಮುಗಿಸಿ. ಮತ್ತೆ ನನಗೆ ಒಂದು ಮಾತು ಕೇಳಲಿಕ್ಕುಂಟು."

"ಈಗಲೇ ಕೇಳಿ."

"ಈಗ ಕೇಳಿದರೆ ಓದು ನಿಲ್ತದೆ. ಬೇಡ."

ಆಮೇಲೆ ಮಂಗಳವಾರದ ಪಾಲನ್ನು ಜುಲೈಕಾ ಕಟ್ಟಿದಳು. ಬದಲಿಗೆ ರಾಜೀವಿ ಅವಳ ಮನೆಗೆ ನೀರು ಸೇದಿ ಹಾಕಿದಳು. ವೇಣೂರಿನವರು ಬಂದರು, ಚಾ ಕುಡಿದರು, ಹುಡುಗಿಯ ಓದು ಹೆಚ್ಚಾಯಿತು ಎಂದು ಎದ್ದು ಹೋದರು. ಕಾಂತಿ ಎರಡು ದಿನ ಸಿಟ್ಟಿನಲ್ಲಿದ್ದಳು. ಮೂರನೆಯ ದಿನ ಮಗಳ ಪಕ್ಕ ಕುಳಿತು ತಾನೂ ಎಲೆ ಕತ್ತರಿಸಿದಳು.

ವರ್ಷಗಳು ಹೋದವು. ಚೆಕ್ಕರ್ ಬೀಡಿ ನೋಡಿದ, ರಾಜೀವಿ ಮೊರ ಹಿಡಿದು ನಿಂತಳು. ಇಬ್ಬರ ನಡುವೆ "ಪಾಸು" ಎಂಬ ಮಾತಿನ ಹೊರತು ಬೇರೇನೂ ಇರಲಿಲ್ಲ. ಆ ಒಂದು ಮಾತು ಕೇಳಲು ಅವಳು ದಿನವಿಡೀ ಕಾಯುತ್ತಿದ್ದಳು ಎಂಬುದು ಜುಲೈಕಾಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ದಿನ ಮೂಡಬಿದಿರೆಯ ಬಸ್ಸು ಸಿದ್ಧಕಟ್ಟೆಯಲ್ಲಿ ನಿಂತಿತು. ರಾಜೀವಿ ಇಳಿದವಳೇ ಮನೆಗೆ ಓಡಿ ಅಮ್ಮನ ಕಿವಿಗೆ ಸುದ್ದಿ ಹಾಕಿದಳು. ಅಲ್ಲಿಂದ ಸೀದಾ ಬ್ರಾಂಚಿಗೆ ಬಂದಳು.

"ಮುಗಿಯಿತು," ಎಂದಳು, ಏದುಸಿರು ಬಿಡುತ್ತಾ.

"ಪಾಸಾ?"

"ಪಾಸು! ಈಗ ಕೇಳಿ, ಏನೋ ಕೇಳಲಿಕ್ಕುಂಟು ಅಂದಿರಲ್ಲ."

ಸಾಲಿನ ತಲೆಗಳೆಲ್ಲ ತಟ್ಟನೆ ಈಚೆ ತಿರುಗಿದವು. ಕಮಲಾಕ್ಷ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟ, ಮತ್ತೆ ಎತ್ತಿದ. ಒಳಗಿನಿಂದ ಉಮ್ಮರ್ ಸಾಹುಕಾರ್ರ ಸ್ವರ ಬಂತು:

"ಕೇಳಿಬಿಡು ಮಾರಾಯ! ಜನ ಕಾಯ್ತಾ ಇದ್ದಾರೆ!"

"ನನ್ನನ್ನು... ಮದುವೆ ಆಗ್ತೀರಾ?"

"ನನಗೆ ಎಂ.ಎಸ್ಸಿ. ಮಾಡಬೇಕಂತ ಉಂಟು."

"ಮಾಡಿ. ಬೇಡ ಅಂದವರು ಯಾರು?"

"ಹಾಗಾದರೆ ಆಗ್ತೇನೆ."

ಜುಲೈಕಾ ಸೆರಗಿನಿಂದ ಮೂಗೊರೆಸಿಕೊಂಡಳು. ಕಮಲಾಕ್ಷ ಕೆಲಸ ಬಿಟ್ಟು ಅವಳ ಹತ್ತಿರ ಬಂದ.

"ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀರಾ?"

"ಇಲ್ಲ."

"ಬನ್ನಿ. ಅಮ್ಮನನ್ನೂ ಕರೆಯುವ. ಚಾ ಕುಡಿಯುವ."