ಹದಿನೇಳನೇ ಬಾಟಲಿ

"ಇದರಲ್ಲಿ ಒಂದಕ್ಷರ ಸುಳ್ಳಿದ್ರೂ ಈ ಡಯಾಲಿಸಿಸ್ ಮೆಷಿನ್ ಇಲ್ಲೇ ನಿಂತುಹೋಗ್ಲಿ!"

"ನಿನ್ ಮೆಷಿನ್ ಮೇಲೆ ಆಣೆ ಇಡು. ನಂದರ ಮೇಲೆ ಬೇಡ," ಎಂದ ಅಣ್ಣ, ಪಕ್ಕದ ಹಾಸಿಗೆಯಿಂದ.

ಇಬ್ಬರ ತೋಳಿಗೂ ಸೂಜಿ. ನಾಲ್ಕು ಗಂಟೆ ಕಾಲ ಅವನು ಎದ್ದು ಹೋಗುವಂತಿಲ್ಲ. ಮೂರು ವರ್ಷದಿಂದ ಮುಚ್ಚಿಟ್ಟ ತಪ್ಪೊಂದನ್ನು ಒಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ?

ಶುರು ಮಾಡಿದೆ.

ಮಧ್ಯಾಹ್ನದ ಊಟದ ಹೊತ್ತು. ಲ್ಯಾಬಿನ ಕಾಂಪೌಂಡ್ ಮೇಲೆ ನಾನು. ನನ್ನ ಪ್ಯಾಂಟಿನ ತುದಿಯಲ್ಲಿ ನಾಯಿ! ಎಳೆಯಿತು... ಬಿದ್ದೆ... ಜೇಬಿನಲ್ಲಿದ್ದ ಬಾಟಲಿ ಫಟ್!

"ಏನಿತ್ತೋ ಅದ್ರಲ್ಲಿ?"

"ಉಚ್ಚೆ. ಮ್ಯಾನೇಜರ್ ಕೊಟ್ಟಿದ್ದು. ಒಳ್ಳೇ ಕ್ವಾಲಿಟಿ."

ಬ್ಯಾಟರಿ ಕಾರ್ಖಾನೆಯ ಮ್ಯಾನೇಜರ್. ಕಿಡ್ನಿ ಕೆಟ್ಟ ಕಾರ್ಮಿಕರು, ಅಣ್ಣನೂ ಸೇರಿ, ಕೇಸು ಹಾಕಿದ್ದರು. ಅವರ ಉಚ್ಚೆ ಬಾಟಲಿಗಳೆಲ್ಲ ಪರೀಕ್ಷೆಗೆಂದು ಆ ಲ್ಯಾಬಿನಲ್ಲಿದ್ದವು. ಅವನು ನನಗೆ ಹೇಳಿದ್ದು ಎರಡೇ ಮಾತು. "ಹದಿನೇಳನೇ ಬಾಟಲಿ ಬದಲಾಯಿಸು. ಇಲ್ದಿದ್ರೆ ನಿನ್ನ ಹಳೇ ಕಳ್ಳತನದ ಫೈಲೆಲ್ಲ ಪೊಲೀಸ್‌ಗೆ!"

"ಹದಿನೇಳು ಯಾರದ್ದು?"

"ತಡಿ ಅಣ್ಣಾ, ನಾಯಿ ಇನ್ನೂ ಅಟ್ಟಿಸ್ಕೊಂಡು ಬರ್ತಿದೆ!"

ಒಳಗೆ ನುಗ್ಗಿ ಬಾಗಿಲು ಹಾಕಿದೆ. ಹೊರಗೆ ನಾಯಿ. ಒಳಗೆ... ಅಪ್ಪ.

ಅಪ್ಪ ಸತ್ತು ಹನ್ನೊಂದು ವರ್ಷ. ಮೊದಲು ಶುಗರ್, ಆಮೇಲೆ ಕಿಡ್ನಿ. ಕಂಡದ್ದಲ್ಲ, ಕೇಳಿಸಿದ್ದು. ಊದಿದ ಕಾಲು ಎಳೆದುಕೊಂಡು ನಡೆಯುವ ಸದ್ದು. ಪರಕ್... ಪರಕ್... ನನ್ನ ಬೆನ್ನ ಹಿಂದೆಯೇ.

"ಹೆದರಿದ್ಯಾ?"

"ಹೆದರಿದ್ದೇ ಒಳ್ಳೇದಾಯ್ತು. ಬಾಟಲಿ ತುಂಬ್ತು!"

ನನಗೂ ಶುಗರ್ ಇತ್ತು. ಆದರೆ ಕಾರ್ಖಾನೆಯ ಮೆಟ್ಟಿಲು ಹತ್ತಿದವನಲ್ಲ, ನನ್ನದರಲ್ಲಿ ವಿಷ ಎಲ್ಲಿಂದ ಬರಬೇಕು? ಹದಿನೇಳನ್ನು ಸಿಂಕಿಗೆ ಸುರಿದು, ಅದೇ ಬಾಟಲಿಯಲ್ಲಿ ನನ್ನದನ್ನು ಇಟ್ಟು ಬಂದೆ.

ರಿಪೋರ್ಟ್ ಬಂತು. ಪ್ರೋಟೀನ್ ಸೋರುತ್ತಿದೆ. ಬ್ಯಾಟರಿಯ ಕ್ಯಾಡ್ಮಿಯಂ ವಿಷ ಮಿತಿಮೀರಿದೆ!

ಮ್ಯಾನೇಜರ್ ನನ್ನ ಕಾಲರ್ ಹಿಡಿದ. "ಯಾರ್ದೋ ಇದು?"

"ನಂದೇ ಸಾರ್..."

ಕಾಲರ್ ಬಿಟ್ಟ. ಕೈ ಒರೆಸಿಕೊಂಡ.

ಆಮೇಲೆ ಇಲ್ಲಿನ ಕಿಡ್ನಿ ಡಾಕ್ಟರಮ್ಮ ಬಿಡಿಸಿ ಹೇಳಿದರು. ಶುಗರ್ ಇರುವ ಮನೆಗೆ ಇಬ್ಬರು ಕಳ್ಳರು. ಒಳಗಿನವನು ಅಪ್ಪ ಕೊಟ್ಟ ಜೀನ್. ಚಿಲಕ ತೆಗೆದಿಟ್ಟ. ಹೊರಗಿನವನು ಕ್ಯಾಡ್ಮಿಯಂ. ಕಾರ್ಖಾನೆಯ ಮೋರಿಯಿಂದ ನಮ್ಮ ಬಾವಿಗೆ ಇಳಿದ. ಚಿಕ್ಕಮ್ಮನ ಮನೆಯಲ್ಲಿ ಬೆಳೆದ ತಂಗಿಗೂ ಅದೇ ಶುಗರ್, ಅದೇ ಜೀನ್. ಬೇರೆ ನೀರು. ಕಿಡ್ನಿ ಗಟ್ಟಿ! ಎದುರುಮನೆ ಮೇಷ್ಟರಿಗೆ ಅದೇ ಶುಗರ್, ಅದೇ ನೀರು. ಬೇರೆ ಅಪ್ಪ. ಅವರೂ ಗಟ್ಟಿ!

ಎರಡೂ ಸಿಕ್ಕಿದ್ದು ನಮ್ಮಿಬ್ಬರಿಗೆ.

ಟೆಕ್ನೀಷಿಯನ್ ಬಂದು ಅಣ್ಣನ ಸೂಜಿ ತೆಗೆದ. ನನ್ನದಿನ್ನೂ ಹತ್ತು ನಿಮಿಷವಿತ್ತು.

"ಹದಿನೇಳು ಯಾರದ್ದು ಅಂದೆ."

"ಬೇಕಾದ್ರೆ ಬೈಯಿ ಅಣ್ಣಾ. ಬಾಟಲಿ ಚೀಟಿ ಮೇಲೆ ಇದ್ದಿದ್ದು ನಿನ್ ಹೆಸ್ರು—"

ಅವನು ಎದ್ದುಬಿಟ್ಟ. ತಿರುಗಿ ನೋಡಲಿಲ್ಲ. ಊದಿದ ಕಾಲು ಎಳೆದುಕೊಂಡು ಬಾಗಿಲ ಕಡೆಗೆ... ಪರಕ್... ಪರಕ್...

ಹೋಗಲಿ. ನಾಡಿದ್ದು ಬರಲೇಬೇಕು. ಅವನ ಹಾಸಿಗೆ ನನ್ನ ಪಕ್ಕದ್ದೇ!