ಒಂಬತ್ತಕ್ಕೆ ಕುಸಿಯುವ ಗೆರೆ

“ಕೈ ತೆಗೀರಿ ಅದರ ಮ್ಯಾಲಿಂದ.”

ಕುಲುಮೆಗೆ ಗಾಳಿ ಎಳೆಯುವ ಪೈಪನ್ನು ಕಿಟಕಿಯ ಹೊರಗೆ ಬಿಡುತ್ತಿದ್ದ ಜಗದೇವ ತಿರುಗಿ ನೋಡಿದ. ಜೇವರ್ಗಿಯ ಆ ಸಣ್ಣ ಪ್ರಯೋಗಾಲಯಕ್ಕೆ ಅಫಜಲಪುರದ ಅವನು ತಂತ್ರಜ್ಞನಾಗಿ ಬಂದು ಎರಡು ವಾರವಾಗಿತ್ತು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಭುವನೇಶ್ವರಿ ಅವನೊಡನೆ ಆಡಿದ ಮೊದಲ ಮಾತೇ ಇದು.

“ಬಿಲ್ಲೆ ಸಲುವಾಗೇ ಮಾಡಾಕತ್ತೇನ್ರಿ...”

“ನನ್ನ ಕೇಳಲಾರದ? ದಿನಾ ಮುಂಜಾನೆ ಆಮ್ಲಜನಕ ಯಾಕ ಇಳೀತದ ಅಂತ ಈಗ ತಿಳೀತು.”

ಅವನು ಪೈಪಿನಿಂದ ಕೈ ತೆಗೆದ. ಇವನೇ ಕಳ್ಳ ಎಂದುಕೊಂಡಳು, ಪಾಪ, ದಣಿದ ಹುಡುಗಿ.

ಮೂರು ವರ್ಷ! ಗಾಳಿಯಿಂದ ಆಮ್ಲಜನಕವನ್ನಷ್ಟೇ ಸೋಸಿಕೊಡುವ, ಪೆರೋವ್‌ಸ್ಕೈಟ್ ಎಂಬ ಸೆರಾಮಿಕ್ಕಿನ ಪುಟ್ಟ ಬಿಲ್ಲೆ ಅವಳ ಪ್ರಾಣ ಹಿಂಡಿತ್ತು. ಕಾದ ಕುಲುಮೆಯಲ್ಲಿ ಹತ್ತು ಬಿಲ್ಲೆಗಳು ಕೆಟ್ಟಿದ್ದವು. ಹನ್ನೊಂದನೆಯದು ತಾಳಿಕೊಳ್ಳಲೆಂದು ಅದಕ್ಕೆ ಚೂರು ಜಿರ್ಕೋನಿಯಂ ಲೋಹ ಬೆರೆಸಿದ್ದಳು. ಇದೂ ಬಾಳದಿದ್ದರೆ ಕುಲುಮೆ ಬೇರೆಯವರಿಗೆ ಎಂದು ಗೈಡ್ ಕಾಶಿಬಾಯಿ ಮೇಡಂ ಹೇಳಿಯಾಗಿತ್ತು.

ಅಂದೇ ಮೇಡಂಗೆ ದೂರು ಕೊಟ್ಟಳು. ಜಗದೇವನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ಅವಳು ಪೈಪನ್ನು ಮತ್ತೆ ಒಳಗೆಳೆದಳು.

ಮರುದಿನ ಕುಲುಮೆ ಕಾಯಲು ಬೇರೆ ಯಾರೂ ಇರಲಿಲ್ಲ. ತಾನೇ ಕುಳಿತಳು. ಆಳಂದದ ಹತ್ತಿರ ಮಟಕಿ ಹಳ್ಳಿಯಲ್ಲಿ ಅವಳಪ್ಪ ಊದಿನಕಡ್ಡಿ ಬೆಳಗದೆ ಟ್ರ್ಯಾಕ್ಟರ್ ಹತ್ತಿದವನಲ್ಲ. ಮಗಳೂ ದಿನದಂತೆ ಒಂಬತ್ತಕ್ಕೆ ಕುಲುಮೆಗೆ ಐದು ಕಡ್ಡಿ ಬೆಳಗಿ, ಪಕ್ಕದಲ್ಲೇ ಸಿಕ್ಕಿಸಿ ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಹೊಗೆ ಪೈಪಿನ ಬಾಯಿಗೇ ನುಗ್ಗುತ್ತಿತ್ತು. ಪರದೆಯ ಮೇಲೆ ಆಮ್ಲಜನಕದ ಗೆರೆ ಕುಸಿಯುತ್ತಿತ್ತು.

ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ತಾಗಿದರೆ ಬಿಲ್ಲೆ ಕೆಡುತ್ತದೆಂದು ಪುಟಗಟ್ಟಲೆ ಬರೆದವಳೇ ಅವಳು!

‘ಹತ್ತೂ ಬಿಲ್ಲೆ ನನ್ನ ಕೈಯಾರೆ ಕೆಡಿಸಿದೆನಾ...’

ಆದರೆ ಹಳೆಯವು ಕುಸಿದ ಮೇಲೆ ಎದ್ದದ್ದಿಲ್ಲ. ಇದು ಮಧ್ಯಾಹ್ನದ ಹೊತ್ತಿಗೆ ಮೆಲ್ಲಗೆ ಚೇತರಿಸಿಕೊಂಡಿತು. ಬೆಳಗಿನ ಅಂಕಿಯನ್ನಷ್ಟೇ ಬರೆದು ಹೋಗುತ್ತಿದ್ದ ಅವಳಿಗೆ ಅದು ಕಂಡೇ ಇರಲಿಲ್ಲ. ದಿನವಿಡೀ ಕೂರುತ್ತಿದ್ದವನು ಜಗದೇವ.

ಸಂಜೆ ಉಗ್ರಾಣದಲ್ಲಿ ಅವನು ಗಾಜಿನ ನಳಿಕೆಗಳನ್ನು ಒರೆಸುತ್ತಿದ್ದ.

“ನಿಮಗ ಗೊತ್ತಿತ್ತು. ಯಾಕ ಹೇಳಲಿಲ್ಲ?”

“ಕಡ್ಡಿ ಬೆಳಗಿ ಕಣ್ಣು ಮುಚ್ಚಿ ನಿಂತಾಗ ಅಷ್ಟೇ ನಿಮ್ಮ ಮುಖದಾಗ ದಣಿವು ಇರ್ತಿದ್ದಿಲ್ರಿ. ಅದನ್ನ ಬಿಡ್ರಿ ಅನ್ನಾಕ ಮನಸಾಗಲಿಲ್ಲ. ಪೈಪ್ ಸರಿಸಿದ್ರ ಸಾಕು ಅಂದ್ಕೊಂಡೆ. ತಪ್ಪಾತು.”

ಮೂರು ವರ್ಷದಲ್ಲಿ ಎಲ್ಲರೂ ಅವಳ ಬಿಲ್ಲೆಯನ್ನು ನೋಡಿದರು. ಮುಖ ನೋಡಿದವನು ಇವನೊಬ್ಬ. ಭುವನೇಶ್ವರಿ ಅಲ್ಲೇ ಪೆಟ್ಟಿಗೆಯ ಮೇಲೆ ಕುಳಿತು ಸಮಾಧಾನವಾಗುವಷ್ಟು ಅತ್ತಳು.

“ಮೇಡಂಗ ಎಲ್ಲಾ ಹೇಳೇನಿ. ತಪ್ಪು ನಂದು ಅಂತನೂ ಹೇಳೇನಿ. ಬಿಲ್ಲೆ ಗಟ್ಟಿ ಅದ, ಕುಲುಮೆ ನಿನಗೇ ಇರ್ಲಿ ಅಂದ್ರು. ನಾಳಿಂದ ನೀವು ಅಲ್ಲೇ ಬರ್ರಿ.”

“ಬರ್ತೇನ್ರಿ.” ಅವನು ಒರೆಸುವ ಬಟ್ಟೆ ಕೆಳಗಿಟ್ಟ. “ಕೆಲಸ ಮುಗಿದ ಮ್ಯಾಲೂ ನಿಮ್ಮ ಜೋಡಿ ಇರಬೇಕಂತ ಆಸೆ ಅದರಿ.”

ಅವಳು ಪೆಟ್ಟಿಗೆಯ ಮೇಲೆ ಸರಿದು ಅವನಿಗೆ ಜಾಗ ಮಾಡಿದಳು. ಆದರೂ ಮಾತು ಮಾತ್ರ ಸೋತೇ ಬಂತು.

“ಹೂಂ ಅನ್ನಾಕೂ ಶಕ್ತಿ ಇಲ್ಲ ನನಗ...”

“ನಾಳಿ ಅನ್ರಿ. ಅವಸರೇನಿಲ್ಲ.”

ಅವಳು ಅವನ ತೋಳಿಗೆ ತಲೆಯಾನಿಸಿದಳು.

“ನಾಳಿತನಾ ಯಾರು ಕಾಯಬೇಕು? ಹೂಂ.”